ಎಸ್ಟಿಮೇಟ್ ಬರೆಯುವ ಮುನ್ನ

ತಮ್ಮಾ, ಕುಷ್ಟಗಿಗೆ ಜೂನಿಯರ್ ಎಂಜಿನಿಯರ್ ಆಗಿ ಬಂದಿದ್ದೀಯೆಂದು ನಿಮ್ಮಪ್ಪ ಹೇಳಿದ. ಬಹಳ ಖುಷಿಯಾಯಿತು. ಸರ್ಕಾರಿ ದರಪಟ್ಟಿಯ (ಎಸ್.ಆರ್.) ದರ ಹಾಕಿದರೆ ಕಂಪ್ಯೂಟರಿನಲ್ಲಿ ಎಸ್ಟಿಮೇಟ್ ತಾನೇ ಕೂಡಿಕೊಂಡು ಬರುತ್ತದೆ, ಗೊತ್ತು. ಆದರೆ ಕೆಲಸ ಕೆಡುವುದು ಆ ಪಟ್ಟಿಯಲ್ಲಿ ಸೇರದೇ ಉಳಿದದ್ದರಿಂದ.

ಮೊದಲು ಊರವರ ಬೇಡಿಕೆ ಏನೆಂದು ತಿಳಿದುಕೋ. "ಒಂದು ಚೆಕ್ ಡ್ಯಾಂ ಕಟ್ಟಿಸಿಕೊಡ್ರಿ ಸಾಹೇಬ್ರ" ಎಂದು ಅರ್ಜಿ ಬರುತ್ತದೆ. ಅವರಿಗೆ ಬೇಕಿರುವುದು ದನಕರುಗಳಿಗೆ ಬೇಸಿಗೆಯ ನೀರೋ, ಬೋರಿನಲ್ಲಿ ನೀರು ಏರುವುದೋ, ಹಳ್ಳ ದಾಟಿ ಹೊಲಕ್ಕೆ ಹೋಗುವ ದಾರಿಯೋ? ಮೂರಕ್ಕೂ ಜಾಗ ಬೇರೆ, ವಿನ್ಯಾಸ ಬೇರೆ, ಖರ್ಚು ಬೇರೆ. ಪಂಚಾಯ್ತಿ ಅಧ್ಯಕ್ಷರ ಮನೆಯ ಕಟ್ಟೆಯಲ್ಲಿ ಚಹಾ ಕುಡಿದು ವಾಪಸು ಬರಬೇಡ. ದಂಡೆಯ ಹೊಲದವರನ್ನು, ನೀರು ಹೊರುವ ಹೆಣ್ಣುಮಕ್ಕಳನ್ನು, ಕುರಿ ಕಾಯುವವರನ್ನು ಕೇಳು. ದೊಡ್ಡ ಮಳೆಗೆ ಹಳ್ಳ ಎಲ್ಲಿಯ ತನಕ ಏರಿತ್ತು ಎಂದು ಕುರಿಗಾಹಿ ಅಜ್ಜ ಕಲ್ಲು ತೋರಿಸಿ ಹೇಳುತ್ತಾನೆ. ಆ ಕಲ್ಲಿಗೆ ಸುಣ್ಣದ ಗುರುತು ಹಚ್ಚಿಸಿ ಲೆವೆಲ್ ತೆಗೆದುಕೋ. ಆಮೇಲೆ ಒಪ್ಪಿದ್ದನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ, ನಡಾವಳಿಯಲ್ಲಿ ಬರೆಸು. ಅರ್ಧ ಗೋಡೆ ಎದ್ದ ಮೇಲೆ "ಇನ್ನೊಂದೀಟು ಎತ್ತರ ಮಾಡ್ರಿ" ಎಂದವರ ಮುಂದೆ ಹಿಡಿಯಲು ಆ ಹಾಳೆ ಬೇಕೇಬೇಕು.

ಎಸ್ಟಿಮೇಟಿನಲ್ಲಿ ರೂಪಾಯಿಯಷ್ಟೇ ಜತನದಿಂದ ದಿನಗಳನ್ನೂ ಲೆಕ್ಕ ಹಾಕು. ಯಲಬುರ್ಗಾ ಕಡೆಯ ಎರೆಹೊಲದಲ್ಲಿ ಒಂದು ಹದ ಮಳೆಯಾದರೆ ಟಿಪ್ಪರ್ ದಿನಗಟ್ಟಲೆ ಒಳಗೆ ಹೋಗುವುದಿಲ್ಲ. ಅದೇ ಎರೆಮಣ್ಣು ಹಸಿಯಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುತ್ತದೆ. ಮಸಾರಿಯಲ್ಲಿ ತೋಡುವ ಪಾಯದ ಲೆಕ್ಕ ಇಲ್ಲಿಗೆ ಹೊಂದದು. ಬೇಸಿಗೆಯಲ್ಲಿ ಕಾಂಕ್ರೀಟಿಗೆ ಹೊಡೆಯುವ ನೀರನ್ನೂ ಟ್ಯಾಂಕರಿನಲ್ಲಿ ತರಿಸಬೇಕು. ಸುಗ್ಗಿ ಮುಗಿದರೆ ಕುಷ್ಟಗಿ, ಯಲಬುರ್ಗಾದ ಎಷ್ಟೋ ಮನೆಯವರು ಬೆಂಗಳೂರು, ಗೋವಾ, ಮಂಗಳೂರಿಗೆ ಗುಳೆ ಹೋಗುತ್ತಾರೆ, ಕೂಲಿಯಾಳು ಎಲ್ಲಿಂದ ಬರಬೇಕು? ಗಂಗಾವತಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ರಿಪೇರಿ ಇದ್ದರಂತೂ ನೀರು ನಿಲ್ಲಿಸಿದ ಬೇಸಿಗೆಯ ದಿನಗಳಷ್ಟೇ ನಿನ್ನವು.

ಕಟ್ಟುವುದಕ್ಕಿಂತ ಕಟ್ಟಲು ಜಾಗ ಸಿಗುವುದಕ್ಕೇ ಹೆಚ್ಚು ಕಾಲ ಹಿಡಿಯುತ್ತದೆ. ಮುನಿರಾಬಾದ್–ಮೆಹಬೂಬ್‌ನಗರ ರೈಲು ಮಾರ್ಗ ಮಂಜೂರಾದದ್ದು 1997-98ರಲ್ಲಿ. ಆ ಮಾರ್ಗದ ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ. ಗದಗ–ವಾಡಿ ಮಾರ್ಗದಲ್ಲಿ ಕುಷ್ಟಗಿ ಜನ ರೈಲು ಹತ್ತಿದ್ದು 15 ಮೇ 2025ರಂದು. ಹಳಿ ಜೋಡಿಸುವುದಕ್ಕೇ ಇಷ್ಟು ವರ್ಷ ಹಿಡಿಯುತ್ತದೆಯೇ? ಭೂಮಿ, ಪರಿಹಾರ, ಕಂತುಕಂತಾಗಿ ಬರುವ ಅನುದಾನ, ಇವೇ ಕಾಲ ನುಂಗುತ್ತವೆ. ಆದ್ದರಿಂದ ಪಹಣಿ ನೋಡದೆ, ಮೋಜಣಿ ಆಗದೆ, ಮುಗಿಯುವ ತಾರೀಖನ್ನು ಯಾರಿಗೂ ಹೇಳಬೇಡ.

ಇನ್ನು ಅಪಾಯದ ಮಾತು. ಇದನ್ನು ಮನಸ್ಸಿಗೆ ಹಚ್ಚಿಕೊಂಡು ಓದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಹೋಯಿತು. 1953ರಲ್ಲಿ ಮುಗಿದ ಅಣೆಕಟ್ಟು, 33 ಗೇಟು, ತುಂಬಿ ನಿಂತ ನೀರು. ಗೇಟಿನ ಜಾಗಕ್ಕೆ ಇಳಿಸಲು ಸ್ಟಾಪ್‌ಲಾಗ್ ಸಿದ್ಧವಿರಲಿಲ್ಲ, ಆಗಿಂದಾಗಲೇ ಮಾಡಿಸಬೇಕಾಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಟ್ಟರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಹರಿಯುವ ನೀರಿನಲ್ಲೇ ವಾರದೊಳಗೆ ಸ್ಟಾಪ್‌ಲಾಗ್ ಕೂಡಿಸಿದ್ದು ದೊಡ್ಡ ಸಾಹಸ, ಅವರಿಗೆ ಕೈಮುಗಿಯಬೇಕು. ಆದರೂ ಮರುವರ್ಷ 105 ಟಿಎಂಸಿಯ ಜಾಗದಲ್ಲಿ 80 ಟಿಎಂಸಿಗೇ ಸಂಗ್ರಹ ನಿಲ್ಲಿಸಬೇಕಾಯಿತು, ಗೇಟು ಬದಲಿಸಲೆಂದು ಎರಡನೇ ಬೆಳೆಗೆ ನೀರಿಲ್ಲ ಎಂದರು. ಒಂದು ಚೈನಿನ ಬೆಲೆ ಗಂಗಾವತಿ, ಕಾರಟಗಿಯ ಭತ್ತದ ಗದ್ದೆಗಳ ಮೇಲೆ ಬಿತ್ತು.

ನಿನ್ನ ಕೆಲಸ ಚಿಕ್ಕದಿರಬಹುದು. ಆದರೂ ಯಾವುದು ಕೈಕೊಟ್ಟರೆ ಎಲ್ಲವೂ ನಿಲ್ಲುತ್ತದೋ ಅದನ್ನು ಮೊದಲೇ ಗುರುತಿಸು. ಅದರ ವಯಸ್ಸೆಷ್ಟು, ಕೊನೆಯ ಬಾರಿ ನೋಡಿದವರು ಯಾರು, ಬದಲಿ ಎಲ್ಲಿದೆ, ಎಷ್ಟು ದಿನಕ್ಕೆ ಬರುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಬದಲಿಯ ಖರ್ಚನ್ನು ಎಸ್ಟಿಮೇಟಿನಲ್ಲೇ ತೋರಿಸು.

ಬಿಡುವು ಮಾಡಿಕೊಂಡು ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹವನ್ನೂ ನೋಡು. ಲಕ್ಷಾಂತರ ಜನ ಉಣ್ಣುತ್ತಾರೆ. ಕೆಡದ ಕಟಕ ರೊಟ್ಟಿ ಹಳ್ಳಿಹಳ್ಳಿಯ ಮನೆಗಳಲ್ಲಿ ಮುಂಚೆಯೇ ತಯಾರಾಗಿ ಟ್ರ್ಯಾಕ್ಟರಿನಲ್ಲಿ ಬಂದು ಸೇರುತ್ತದೆ. ಜಾತ್ರೆಯ ದಿನಕ್ಕೆ ಅನ್ನ, ಸಾರು, ಪಲ್ಯದಂಥವಷ್ಟೇ ಉಳಿಯುತ್ತವೆ. ನಿನ್ನ ಸೈಟಿನಲ್ಲೂ ಮುಂಚೆಯೇ ಮಾಡಿಡಬಹುದಾದದ್ದನ್ನು ಮಳೆಗಾಲದ ತನಕ ಎಳೆಯಬೇಡ.

ಮೇಲಿನವರು "ಯುಗಾದಿಯೊಳಗೆ ಮುಗಿಸು" ಎಂದರೆ ಆಯಿತು ಸರ್ ಎಂದು ತಲೆ ಅಲ್ಲಾಡಿಸಿ ಬರಬೇಡ, ಜಗಳಕ್ಕೂ ನಿಲ್ಲಬೇಡ. ಜಾಗ ಈ ತಾರೀಖಿಗೆ ಕೈಗೆ ಬಂದರೆ ಇಷ್ಟು, ತಡವಾದರೆ ಇಷ್ಟು, ಮಧ್ಯೆ ಮಳೆ ಹಿಡಿದರೆ ಇಷ್ಟು ಎಂದು ಮೂರು ಸಾಲಿನ ಪತ್ರ ಬರೆದುಕೊಟ್ಟು, ಇನ್ವರ್ಡ್ ನಂಬರ್ ಹಾಕಿಸಿಕೊಂಡು ಬಾ.