ಆಯಿಲ್ ಕುಡಿಯುವ ಕಾರಿಗೆ 25 ಸಾವಿರ ಸುರಿಯಬೇಕೆ?

ಗುಡೇಮಾರನಹಳ್ಳಿಯಂಥ ಊರಿನಲ್ಲಿ ಹಳೇ ಮಾರುತಿ 800 ಇಟ್ಟುಕೊಂಡವರು ಷೋಕಿಗೆ ಇಟ್ಟುಕೊಂಡವರಲ್ಲ. ಅಮ್ಮನನ್ನು ಮಾಗಡಿ ಆಸ್ಪತ್ರೆಗೆ ಕರೆದೊಯ್ಯಬೇಕು, ಸೋಲೂರು, ಕುದೂರು ಕಡೆ ಮದುವೆ, ತಿಥಿ ಇರುತ್ತವೆ, ರಾತ್ರಿ ಹೊತ್ತು ಬಸ್ಸು ನಂಬಿ ಕೂರುವಂತಿಲ್ಲ. 1983ರ ಕೊನೆಗೆ ರಸ್ತೆಗಿಳಿದು, 2014ರ ಜನವರಿಯಲ್ಲಿ ತಯಾರಿಕೆ ನಿಂತ ಕಾರು ಇದು. ಇನ್ನೂ ಓಡುತ್ತಿದೆ ಎಂದರೆ ಸ್ಪೇರ್ ಅಗ್ಗ, ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಸಿಗುತ್ತದೆ, ಯಾವ ಮೆಕ್ಯಾನಿಕ್ಕಾದರೂ ಕೈ ಹಾಕುತ್ತಾರೆ. ಕಷ್ಟ ಬರುವುದು ಆಯಿಲ್ ವಿಚಾರದಲ್ಲಿ.

ನನ್ನ ಕಾರಿನಲ್ಲಿ ಆಯಿಲ್ ಇಳಿಯತೊಡಗಿದಾಗ ಹೈವೇ ಬದಿಯ ಗ್ಯಾರೇಜೊಂದರಲ್ಲಿ ಸೈಲೆನ್ಸರ್ ಹೊಗೆ ನೋಡಿಯೇ ತೀರ್ಮಾನ ಕೊಟ್ಟರು: ‘ಇಂಜಿನ್ ಇಳಿಸ್ಬೇಕು ಸಾರ್, 25 ಸಾವಿರ ಇಟ್ಕೊಳಿ.’ ಮಾರಿದರೆ 45 ಸಾವಿರ ಬಂದರೆ ಹೆಚ್ಚು ಎನ್ನುವ ಕಾರು. ಆಯಿಲ್ ಯಾವ ದಾರಿಯಲ್ಲಿ ಹೋಗುತ್ತಿದೆ ಎಂದು ಅಲ್ಲಿ ಯಾರೂ ನೋಡಲಿಲ್ಲ. ಹೊರಗೆ ಸೋರುತ್ತಿದೆಯೋ, ಒಳಗೆ ಉರಿಯುತ್ತಿದೆಯೋ ಗೊತ್ತಾಗದೆ ಒಂದು ರೂಪಾಯಿ ಬಿಚ್ಚುವುದೂ ದಂಡ, ಏಕೆಂದರೆ ಎರಡರ ಬಿಲ್ಲೂ ಬೇರೆ ಬೇರೆ.

ಸೋರಿಕೆ ನೋಡಲು ದುಡ್ಡು ಬೇಡ. ಇಂಜಿನ್ನಿನ ಜಿಡ್ಡನ್ನು ಡೀಸೆಲ್ ಬ್ರಷ್ಷಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ, ರಾತ್ರಿ ಕಾರಿನಡಿ ಒಂದು ರಟ್ಟು ಹಾಸಿದೆ. ಬೆಳಿಗ್ಗೆ ರಟ್ಟಿನ ಮೇಲೆ ಹನಿ ಇತ್ತು. ಮೇಲಕ್ಕೆ ಹುಡುಕುತ್ತ ಹೋದರೆ ಟ್ಯಾಪೆಟ್ ಕವರಿನ ಮೂಲೆಯಿಂದ ಸಣ್ಣ ಗೆರೆ ಇಳಿದಿತ್ತು. ಪ್ಯಾಕಿಂಗ್ ಒಣಗಿ ಗಟ್ಟಿಯಾಗಿ, ಉಗುರಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಹೊಸ ಪ್ಯಾಕಿಂಗು, ಕೂಲಿ ಎಲ್ಲ ಸೇರಿ 400 ರೂಪಾಯಿ. ಟೈಮಿಂಗ್ ಬೆಲ್ಟಿನ ಕಡೆ ಸೋರುತ್ತಿದ್ದರೆ ಮಾತ್ರ ಮುಂದಕ್ಕೆ ಹಾಕಬೇಡಿ. ಆಯಿಲ್ ತಗುಲಿದ ರಬ್ಬರ್ ಬೆಲ್ಟ್ ಬೇಗ ಹಾಳಾಗಿ, ನಡುದಾರಿಯಲ್ಲಿ ಕೈ ಕೊಡುತ್ತದೆ.

ಹೊಗೆಯನ್ನೂ ಹಾಗೆಯೇ ಓದಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ನೀಲಿ ಹೊಗೆ ಬಂದು ಆಮೇಲೆ ನಿಂತರೆ ಹೆಚ್ಚಾಗಿ ವಾಲ್ವ್ ಸೀಲ್ ಸವೆದಿರುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಬರುತ್ತಿದ್ದರೆ ರಿಂಗಿನ ಮೇಲೆ ಅನುಮಾನ. ಅನುಮಾನ ತೀರಿಸುವುದು ಕಂಪ್ರೆಷನ್ ಗೇಜ್. ನೆಲಮಂಗಲದಲ್ಲಿ 500 ರೂಪಾಯಿ ಕೊಟ್ಟು ಮಾಡಿಸಿದೆ. ಪ್ಲಗ್ ಬಿಚ್ಚಿ ಮೂರೂ ಸಿಲಿಂಡರ್ ಅಳೆಯುತ್ತಾರೆ. ಒಂದರಲ್ಲಿ ಕಡಿಮೆ ಬಂದರೆ ಅದಕ್ಕೊಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಆಗ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ, ಏರದಿದ್ದರೆ ವಾಲ್ವ್ ಕಡೆ ನೋಡಬೇಕು. ನನ್ನದರಲ್ಲಿ ಮೂರೂ ಹೆಚ್ಚುಕಮ್ಮಿ ಸಮನಾಗಿ ಬಂದವು. ಇಂಜಿನ್ ಇಳಿಸುವ ಮಾತು ಅಲ್ಲಿಗೇ ನಿಂತಿತು. ಹಳೇ ಕಾರಿನವರು ಖರ್ಚು ಮಾಡಬಹುದಾದ ಅತ್ಯುತ್ತಮ 500 ರೂಪಾಯಿ ಇದೇ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಸರಿ, ರಿಂಗೇ ಹೋಗಿದೆ ಎಂದಿಟ್ಟುಕೊಳ್ಳಿ. ಆಗಲೂ ಲೆಕ್ಕ ಹಾಕಿ. 1,000 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಕುಡಿಯುತ್ತದೆ, ಲೀಟರಿಗೆ 400 ರೂಪಾಯಿ ಎಂದರೆ ಕಿ.ಮೀ.ಗೆ 40 ಪೈಸೆ. ಪೆಟ್ರೋಲಿಗೇ ಆರು ರೂಪಾಯಿ ಹೋಗುತ್ತದೆ. ತಿಂಗಳಿಗೆ 500 ಕಿ.ಮೀ. ಓಡಿಸುವವರಿಗೆ ಆಯಿಲ್ ಖರ್ಚು ವರ್ಷಕ್ಕೆ 2,400 ರೂಪಾಯಿ. 25 ಸಾವಿರದ ಕೆಲಸ ಮಾಡಿಸಿ ಅದನ್ನು ಆಯಿಲ್ ಉಳಿತಾಯದಲ್ಲಿ ವಾಪಸ್ ಪಡೆಯಲು ಹತ್ತು ವರ್ಷಕ್ಕಿಂತ ಹೆಚ್ಚು ಬೇಕು! ಹೊಗೆ ತಪಾಸಣೆಯಲ್ಲಿ ಪಾಸಾಗುವ ತನಕ, ಆಯಿಲ್ ಹಾಕಿಕೊಂಡು ಓಡಿಸುವುದೇ ಮೇಲು. ಆದರೆ ಈ ಇಂಜಿನ್ ಹಿಡಿಯುವುದೇ ಮೂರು ಲೀಟರ್ ಆಸುಪಾಸು, ಒಂದು ಲೀಟರ್ ಹೋದರೆ ಮೂರನೇ ಒಂದು ಭಾಗ ಹೋದಂತೆ. ಹಾಗಾಗಿ ವಾರಕ್ಕೊಮ್ಮೆ, ಸಮತಟ್ಟು ಜಾಗದಲ್ಲಿ, ಇಂಜಿನ್ ತಣ್ಣಗಿರುವಾಗ ಡಿಪ್‌ಸ್ಟಿಕ್ ಒರೆಸಿ ನೋಡಲೇಬೇಕು. ಲೆವೆಲ್ ಇಳಿಯುವ ಬದಲು ಏರಿ, ಪೆಟ್ರೋಲ್ ವಾಸನೆ ಬಂದರೆ ಆಯಿಲ್ ತೆಳುವಾಗುತ್ತಿದೆ ಎಂದರ್ಥ. ಪೆಟ್ರೋಲ್ ಸೇರುವ ಜಾಗ ಹುಡುಕಿಸಿ ಆಯಿಲ್ ಬದಲಿಸಿ.

ಎರಡು ವಿಷಯದಲ್ಲಿ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಓಡಿಸುವಾಗ ಕೆಂಪು ಆಯಿಲ್ ಲೈಟ್ ಹತ್ತಿದರೆ ಅಲ್ಲೇ ಆಫ್ ಮಾಡಿ. ‘ಮನೆ ಹತ್ತಿರವೇ ಇದೆಯಲ್ಲ’ ಎಂದು ಓಡಿಸಿದ ನಾಲ್ಕು ಕಿ.ಮೀ. ಬೇರಿಂಗನ್ನೇ ತಿನ್ನಬಹುದು, ಟೋಯಿಂಗ್‌ಗೆ ಕೊಡುವ ಹಣ ಅದರ ಮುಂದೆ ಏನೂ ಅಲ್ಲ. ಇನ್ನೊಂದು, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡು, ರೇಡಿಯೇಟರಿನಲ್ಲಿ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಚಳಿಗಾಲದಲ್ಲಿ ಬರೀ ಹತ್ತಿರದ ಓಡಾಟವಿದ್ದರೆ ಕ್ಯಾಪಿನ ಅಡಿಯಲ್ಲಷ್ಟೇ ಬಿಳಿ ಪದರ ಕಟ್ಟುವುದುಂಟು. ಅದು ತೇವಾಂಶ, ಕಾರನ್ನು ಒಂದು ಸಲ ಕುಣಿಗಲ್ ತನಕ ಓಡಿಸಿ ಬಿಸಿ ಮಾಡಿದರೆ ಸಾಮಾನ್ಯವಾಗಿ ಹೋಗುತ್ತದೆ.

ದೊಡ್ಡ ಕೆಲಸಕ್ಕೆ ಒಪ್ಪುವ ಮುನ್ನ ಆರ್‌ಸಿ ತೆಗೆದು ನೋಡಿ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಶುಲ್ಕವಿದೆ. 20 ವರ್ಷ ದಾಟಿದ್ದರೆ 2025ರ ಆಗಸ್ಟ್‌ನಲ್ಲಿ ಅದು 10,000 ಆಯಿತು. ನವೀಕರಣ ಸಿಗುವುದು ಐದು ವರ್ಷಕ್ಕೆ. ಅವಧಿಗೆ ಇನ್ನೊಂದೇ ವರ್ಷ ಬಾಕಿಯಿದ್ದರೆ ಗ್ಯಾರೇಜಿನ 25 ಸಾವಿರಕ್ಕೆ ಈ ಹಣವನ್ನೂ ಕೂಡಿಸಿ, ಅದೇ ಮೊತ್ತಕ್ಕೆ ಇನ್ನೊಂದು ಸೆಕೆಂಡ್‌ಹ್ಯಾಂಡ್ ಕಾರಿನ ಎಷ್ಟು ಪಾಲು ಬರುತ್ತದೆ ನೋಡಿ, ಆಮೇಲೆ ಮೆಕ್ಯಾನಿಕ್‌ಗೆ ಅಡ್ವಾನ್ಸ್ ಕೊಡಿ.