ಮೇ ತಿಂಗಳ ಮದುವೆ ಮತ್ತು ಹಾರ್ಡ್‌ಡಿಸ್ಕ್

ಕಲಬುರಗಿಯಲ್ಲಿ ಮದುವೆಯ ಫೋಟೊ, ವಿಡಿಯೊ ಮಾಡುವ ನಮಗೆ ವರ್ಷದ ಹೆಚ್ಚಿನ ಕೆಲಸ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಬಿಸಿಲು 42 ಡಿಗ್ರಿ ದಾಟುವುದೂ ಆಗಲೇ. ಅಕ್ಷಯ ತೃತೀಯದ ಆಸುಪಾಸಿನಲ್ಲಿ ಒಂದರ ಹಿಂದೊಂದು ಮುಹೂರ್ತ ಇರುತ್ತದೆ. ಮೆಮೊರಿ ಕಾರ್ಡುಗಳಲ್ಲಿದ್ದದ್ದನ್ನೆಲ್ಲ ಇಳಿಸಿ ಮುಂದಿನ ಮದುವೆಗೆ ಸಜ್ಜಾಗಬೇಕು. ಹೀಗಾಗಿ ಊರು ಹೆಚ್ಚು ಸುಡುವ ದಿನಗಳಲ್ಲೇ ನಮ್ಮ ಬ್ಯಾಕಪ್ ಹಾರ್ಡ್‌ಡಿಸ್ಕ್‌ಗಳೂ ಹೆಚ್ಚು ದುಡಿಯುತ್ತವೆ. ಅವುಗಳ ಬಿಸಿಯ ಬಗ್ಗೆ ನಾನು ಕಲಿತದ್ದೆಲ್ಲ ಇಲ್ಲಿಂದಲೇ ಶುರುವಾಗುತ್ತದೆ.

ದುಡಿಮೆ ಎಷ್ಟು ಎನ್ನುವುದಕ್ಕೆ ಒಂದು ಲೆಕ್ಕ. ಸೆಕೆಂಡಿಗೆ 100 ಮೆಗಾಬಿಟ್ ದರದ 4ಕೆ ವಿಡಿಯೊ ಗಂಟೆಗೆ 45 ಜಿಬಿ ಜಾಗ ತಿನ್ನುತ್ತದೆ. ಅರಿಶಿಣದಿಂದ ರಿಸೆಪ್ಶನ್ ತನಕ ಎರಡು ಮೂರು ಕ್ಯಾಮೆರಾ ಓಡಿದರೆ ಅರ್ಧ ಟಿಬಿ ತುಂಬಲು ಹೆಚ್ಚು ಹೊತ್ತು ಬೇಕಿಲ್ಲ. ಸೆಕೆಂಡಿಗೆ 100 ಎಂಬಿ ವೇಗ ಸಿಕ್ಕರೂ ಒಂದು ಟಿಬಿ ಇಳಿಯಲು ಸುಮಾರು ಎರಡೂಮುಕ್ಕಾಲು ಗಂಟೆ ಹಿಡಿಯುತ್ತದೆ. ಈಗಿನ ಅನೇಕ ಸಣ್ಣ ಡಿಸ್ಕ್‌ಗಳಲ್ಲಿ ಮಾಹಿತಿಯ ಸಾಲುಗಳನ್ನು ಮಾಡಿನ ಹಂಚಿನ ಹಾಗೆ ಒಂದರ ಅಂಚಿನ ಮೇಲೊಂದು ಬರುವಂತೆ ಬರೆಯಲಾಗುತ್ತದೆ. ಅಂಥವು ದೊಡ್ಡ ಕಾಪಿಯ ನಡುವೆ ವೇಗ ಕಳೆದುಕೊಳ್ಳುತ್ತವೆ, ಕೆಲಸ ಇನ್ನೂ ಉದ್ದವಾಗುತ್ತದೆ. ಅಷ್ಟು ಹೊತ್ತೂ ಮೋಟರ್, ಹೆಡ್, ಒಳಗಿನ ಚಿಪ್ ಎಲ್ಲವೂ ಬಿಸಿ ಹೊಮ್ಮಿಸುತ್ತಲೇ ಇರುತ್ತವೆ. ಸಾಮಾನ್ಯ ಡಬ್ಬಿಯೊಳಗೆ ಫ್ಯಾನ್ ಇರುವುದಿಲ್ಲ. ಆ ಬಿಸಿಯನ್ನು ಹೊರಗಿನ ಗಾಳಿಯೇ ಒಯ್ಯಬೇಕು. ಗಾಳಿಯೇ 40 ಡಿಗ್ರಿ ಇದ್ದರೆ ಒಯ್ಯುವುದಾದರೂ ಎಷ್ಟನ್ನು?

ತಯಾರಕರ ವಿವರಪಟ್ಟಿಯನ್ನು ಎಲ್ಲರೂ ಒಮ್ಮೆ ಓದಬೇಕು. ಮನೆಬಳಕೆಯ ಎಷ್ಟೋ ಪೋರ್ಟಬಲ್ ಡಿಸ್ಕ್‌ಗಳಿಗೆ ಸುತ್ತಲಿನ ಉಷ್ಣಾಂಶ 5ರಿಂದ 35 ಡಿಗ್ರಿ ಇರಬೇಕೆಂದು ಬರೆದಿರುತ್ತಾರೆ. ಒಳಗಿನ ಡಿಸ್ಕ್ 60ರವರೆಗೆ ತಡೆದುಕೊಂಡೀತು. ಆದರೆ ಮೇ ತಿಂಗಳ ಮಧ್ಯಾಹ್ನ ನಮ್ಮ ಮಾಳಿಗೆ ಮೇಲಿನ ಖೋಲಿ, ಕೇಬಲ್ ಚುಚ್ಚುವ ಮೊದಲೇ ಆ 35ನ್ನು ದಾಟಿರುತ್ತದೆ.

“ಸರ್, ಡಿಸ್ಕ್ ಭಾಳ ಸುಡಲಿಕತ್ತದ್ರಿ, ತೆಗೀಲೇನ್ರಿ?” ಎಂದು ಸ್ಟುಡಿಯೊದ ಹುಡುಗ ಕೇಳುತ್ತಾನೆ. “ತೆಗೀಬ್ಯಾಡ, ಮೊದಲು ಎಷ್ಟದ ನೋಡು” ಎನ್ನುತ್ತೇನೆ. ಬರೆಯುತ್ತಿರುವ ಡಿಸ್ಕನ್ನು ಕಿತ್ತರೆ ಬಿಸಿಗಿಂತ ಹೆಚ್ಚಿನ ಹಾನಿ ಅಲ್ಲೇ ಆಗಬಹುದು. ಇನ್ನು ಕೈಯ ಅಂದಾಜು ನಂಬಿಕೆಗೆ ಅರ್ಹವಲ್ಲ. ಅಲ್ಯುಮಿನಿಯಂ ಡಬ್ಬಿ ಮುಟ್ಟಿದರೆ ಸುಡುತ್ತದೆ, ಏಕೆಂದರೆ ಅದು ಒಳಗಿನ ಬಿಸಿಯನ್ನು ಹೊರಗೆ ತರುತ್ತಿದೆ. ಪ್ಲಾಸ್ಟಿಕ್ ಡಬ್ಬಿ ಬೆಚ್ಚಗಷ್ಟೇ ಅನ್ನಿಸುತ್ತ ಒಳಗೆ ಬಿಸಿಯನ್ನು ಕೂಡಿಟ್ಟುಕೊಂಡಿರುತ್ತದೆ. ನಮಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಸಾಕಾಗಿದೆ. ಡಿಸ್ಕ್ ತಾನೇ ಅಳೆದುಕೊಳ್ಳುವ ಉಷ್ಣಾಂಶವನ್ನು ಅದು ತೋರಿಸುತ್ತದೆ. 45ರ ತನಕ ನಾವು ಕಾಪಿ ಬಿಡುತ್ತೇವೆ. 50 ಆದರೆ ಗಾಳಿಗೆ ವ್ಯವಸ್ಥೆ ಮಾಡುತ್ತೇವೆ. 55ಕ್ಕೆ ಕಾಪಿ ನಿಲ್ಲಿಸಿ, ಸರಿಯಾದ ಕ್ರಮದಲ್ಲಿ ಡಿಸ್ಕ್ ಬಿಡಿಸುತ್ತೇವೆ. ಇದು ನಮ್ಮ ಸ್ಟುಡಿಯೊದ ಗಡಿ, ತಯಾರಕರದ್ದಲ್ಲ.

ಬಿಸಿಗೂ ಡಿಸ್ಕ್ ಕೆಡುವುದಕ್ಕೂ ಜನ ಅಂದುಕೊಂಡಷ್ಟು ನೇರ ಸಂಬಂಧವಿಲ್ಲ ಎಂದು ವಾದಿಸುವವರು 2007ರ ಗೂಗಲ್ ಅಧ್ಯಯನವನ್ನು ಮುಂದಿಡುತ್ತಾರೆ. ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿದ ಅಧ್ಯಯನ ಅದು, ಹಾಗೆ ಹೇಳಿದ್ದೂ ನಿಜ. ಆದರೆ ತೀರಾ ಹೆಚ್ಚಿನ ಉಷ್ಣಾಂಶದಲ್ಲಿ, ಅದರಲ್ಲೂ ಮೂರು ವರ್ಷ ದಾಟಿದ ಡಿಸ್ಕ್‌ಗಳಲ್ಲಿ ಕೆಡುವ ಪ್ರಮಾಣ ಏರುತ್ತದೆ ಎಂದೂ ಅದರಲ್ಲೇ ಇದೆ. ಸ್ಟುಡಿಯೊಗಳ ಕಪಾಟಿನಲ್ಲಿರುವುದು ಹೆಚ್ಚಾಗಿ ಹಳೆಯ ಡಿಸ್ಕ್‌ಗಳೇ. ಆ ಎರಡನೆಯ ಮಾತು ನಮ್ಮಂಥವರಿಗೇ ಹೇಳಿದ್ದು ಎಂದು ನಾನು ತಿಳಿದಿದ್ದೇನೆ.

ಕೂಲಿಂಗ್ ಸ್ಟ್ಯಾಂಡ್, ಫ್ಯಾನ್ ಇರುವ ಡಬ್ಬಿ ಎಲ್ಲ ಪೇಟೆಯಲ್ಲಿ ಸಿಗುತ್ತವೆ. ಆದರೆ ನಮಗೆ ಎಲ್ಲಕ್ಕಿಂತ ಉಪಯೋಗವಾದದ್ದು ಹೆಚ್ಚುವರಿ ಮೆಮೊರಿ ಕಾರ್ಡುಗಳು. ಕಾರ್ಡು ಸಾಕಷ್ಟಿದ್ದರೆ ಮಧ್ಯಾಹ್ನವೇ ಇಳಿಸುವ ಅವಸರ ಇರುವುದಿಲ್ಲ. ರಾತ್ರಿ ಉಂಡ ಮೇಲೆ ಕಾಪಿಗೆ ಹಚ್ಚಬಹುದು. ಅದೂ ಮಾಳಿಗೆಯ ಖೋಲಿಯಲ್ಲಿ ಬೇಡ, ಆರ್‌ಸಿಸಿ ಚಾವಣಿ ಹಗಲಿಡೀ ಹೀರಿದ ಬಿಸಿಯನ್ನು ನಡುರಾತ್ರಿಯ ತನಕ ಬಿಡುತ್ತಿರುತ್ತದೆ. ನಾವು ಕೆಳಗಿನ ಖೋಲಿಯಲ್ಲಿ, ಶಹಾಬಾದ್ ಫರಸಿಯ ಮೇಲೆ ಡಿಸ್ಕನ್ನು ಮಲಗಿಸಿ ಇಡುತ್ತೇವೆ. ಕಲ್ಲು ತಳದ ಬಿಸಿಯನ್ನು ಎಳೆದುಕೊಳ್ಳುತ್ತದೆ, ಟೇಬಲ್ ಫ್ಯಾನ್ ಮೇಲಿನದನ್ನು ನೋಡಿಕೊಳ್ಳುತ್ತದೆ. ಗಾಳಿ ಹೆಚ್ಚು ತಾಗಲೆಂದು ಡಿಸ್ಕನ್ನು ಅಂಚಿನ ಮೇಲೆ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ತಿರುಗುತ್ತಿರುವ ಡಿಸ್ಕ್ ಒಮ್ಮೆ ಉರುಳಿ ಬಿದ್ದರೆ ಮುಗಿಯಿತು.

ನಮ್ಮ ಕಡೆ ಮನೆಮನೆಗೂ ಕೂಲರ್ ಇದೆ. ಅದರ ಎದುರಿಗೆ ಮಾತ್ರ ಡಿಸ್ಕ್ ಇಡಬೇಡಿ, ಅದು ಊದುವುದು ನೀರು ತುಂಬಿದ ಗಾಳಿ. ಫ್ರಿಜ್ಜಿನಲ್ಲಿ ಇಟ್ಟು ತಂಪು ಮಾಡುವ ಉಪಾಯವಂತೂ ಬೇಡವೇ ಬೇಡ; ಹೊರಗೆ ತೆಗೆದೊಡನೆ ಮೈಮೇಲೂ ಒಳಗೂ ತೇವ ಕೂಡುತ್ತದೆ. ಏಸಿ ಇರುವ ಕಡೆ ಕರೆಂಟ್ ಹೋದಾಗ ಅದು ನಿಲ್ಲುತ್ತದೆ, ಇನ್ವರ್ಟರ್ ಮೇಲೆ ಕಂಪ್ಯೂಟರ್ ನಡೆಯುತ್ತಲೇ ಇರುತ್ತದೆ. ಖೋಲಿ ಬಿಸಿಯಾಗುತ್ತಿರುವುದು ಕಾಪಿಯ ಗಡಿಬಿಡಿಯಲ್ಲಿ ತಿಳಿಯುವುದಿಲ್ಲ. ಏಸಿ ನಿಂತರೆ ಕಾಪಿಯನ್ನೂ ನಿಲ್ಲಿಸುವುದು ಒಳ್ಳೆಯದು. ಗೋಡೆಯಿಂದ ಕರೆಂಟ್ ಪಡೆಯುವ 12 ವೋಲ್ಟ್ ಅಡಾಪ್ಟರಿನ ದೊಡ್ಡ ಡಿಸ್ಕ್‌ಗಳನ್ನು ಯುಪಿಎಸ್‌ಗೇ ಚುಚ್ಚಬೇಕು.

ಎಸ್‌ಎಸ್‌ಡಿ ಕೊಂಡರೆ ಈ ಕಷ್ಟವೇ ಇಲ್ಲವಲ್ಲ ಎನ್ನುತ್ತಾರೆ. ಅದರಲ್ಲಿ ತಿರುಗುವ ಭಾಗವಿಲ್ಲ, ಆದರೂ ಬಿಸಿಯಾಗುತ್ತದೆ. ಮಿತಿ ದಾಟಿದರೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಬಳಸಿ ಸವೆದ ಎಸ್‌ಎಸ್‌ಡಿ ಕರೆಂಟ್ ಇಲ್ಲದೆ ಮಾಹಿತಿಯನ್ನು ಉಳಿಸಿಕೊಳ್ಳಬೇಕಾದ ಅವಧಿ. ಮನೆಬಳಕೆಯ ಎಸ್‌ಎಸ್‌ಡಿಗಳಿಗೆ ಜೆಡೆಕ್ ಸಂಸ್ಥೆಯ ಮಾನದಂಡ ಇಟ್ಟಿರುವುದು 30 ಡಿಗ್ರಿಯಲ್ಲಿ ಒಂದು ವರ್ಷ. ಬಿಸಿ ಹೆಚ್ಚಿದಂತೆ ಆ ಅವಧಿ ಕುಗ್ಗುತ್ತದೆ. ಮಾಳಿಗೆಯ ಖೋಲಿಯ ಕಬ್ಬಿಣದ ಅಲಮಾರಿಯಲ್ಲಿ ವರ್ಷಗಟ್ಟಲೆ ಇಡಲು ಅದು ತಕ್ಕದ್ದಲ್ಲ.

ಇಷ್ಟೆಲ್ಲ ಕಾಳಜಿ ಮಾಡಿದರೂ ಡಿಸ್ಕ್ ಒಂದು ದಿನ ಕೈಕೊಡುತ್ತದೆ. ಅದಕ್ಕೇ ಎರಡು ಡಿಸ್ಕ್‌ಗಳಿಗೆ ಕಾಪಿ ಮಾಡಿ, ಎರಡರಲ್ಲೂ ಫೈಲುಗಳನ್ನು ತೆರೆದು ನೋಡುವ ತನಕ ನಾವು ಕಾರ್ಡ್ ಫಾರ್ಮ್ಯಾಟ್ ಮಾಡುವುದಿಲ್ಲ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಜನ ಬರುತ್ತಾರೆ. “ನಮ್ಮ ಮುತ್ಯಾ ತೀರಿಕೊಂಡ್ರು, ಅವರು ಮಾತಾಡಿದ ವಿಡಿಯೊ ಅದ ಏನ್ರಿ” ಎಂದು ಕೇಳುತ್ತಾರೆ. ಆ ಮಾತಿಗೆ ಇದೆ ಎಂದೇ ಉತ್ತರ ಕೊಡುವಂತಿರಬೇಕು. ನಮ್ಮ ಎರಡೂ ಡಿಸ್ಕ್‌ಗಳು ಒಂದೇ ಕಟ್ಟಡದಲ್ಲಿ, ಒಂದೇ ಬಿಸಿಲಿನಲ್ಲಿವೆ. ಮೂರನೆಯದು ಬೇರೆ ಸೂರಿನಡಿ ಇರಬೇಕು. ಆದ್ದರಿಂದ ಮದುವೆ ಮಾಡಿದ ಮನೆಯವರಲ್ಲಿ ನನ್ನ ಕೋರಿಕೆ ಇಷ್ಟೇ: ಆಲ್ಬಂ ಕೈಗೆ ಬಂತೆಂದು ಸುಮ್ಮನಾಗಬೇಡಿ, ನಿಮ್ಮದೇ ಒಂದು ಡಿಸ್ಕ್ ತಂದು ಪೂರ್ತಿ ಫೋಟೊ, ವಿಡಿಯೊ ತುಂಬಿಸಿಕೊಂಡು ಹೋಗಿ, ಮನೆಯ ತಂಪಾದ ಕೆಳಗಿನ ಖೋಲಿಯಲ್ಲಿ ಇಟ್ಟುಕೊಳ್ಳಿ.