ಒಂಬತ್ತನೆಯವಳು

ಹೆಸರಿನಲ್ಲಿ ಮಾರ್ದವವಿದ್ದರೂ ಸಾಫ್ಟ್‌ಬಾಲ್ ಆಟದ ಚೆಂಡು ಮೃದುವಾದುದಲ್ಲ. ೧೮೮೭ರಲ್ಲಿ ಅಮೆರಿಕದ ಶಿಕಾಗೊ ನಗರದಲ್ಲಿ ಕೆಲವರು ಮುಷ್ಟಿಯುದ್ಧದ ಕೈಗವಸನ್ನೇ ಉಂಡೆಯಾಗಿ ಬಿಗಿದು, ಕೋಲಿನಿಂದ ಹೊಡೆದು, ಚಾವಣಿಯ ಕೆಳಗೆ ಆಡಿದರು; ಈ ಆಟ ಹುಟ್ಟಿದ್ದು ಹಾಗೆ. ಇಂದಿನ ಚೆಂಡಿನ ಸುತ್ತಳತೆ ೧೨ ಅಂಗುಲ. ತಾಗಿದರೆ ಮೈ ಕಂದುತ್ತದೆ.

ಆ ದೇಶದ ಪ್ರೌಢಶಾಲೆಗಳಲ್ಲಿ ಇದು ಹುಡುಗಿಯರ ಆಟ. ಅವರಿಗೆ ಮೈದಾನ ಸುಲಭವಾಗಿ ದೊರೆತುದಲ್ಲ. ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಕೂಡದೆಂಬ ಶಾಸನ ಬಂದದ್ದು ೧೯೭೨ರಲ್ಲಿ. ಅದಕ್ಕೆ ಮುನ್ನ, ಎಲ್ಲ ಆಟಗಳನ್ನು ಸೇರಿಸಿದರೂ, ಅಲ್ಲಿನ ಪ್ರೌಢಶಾಲೆಗಳಲ್ಲಿ ಆಡುತ್ತಿದ್ದ ಹುಡುಗಿಯರು ೩ ಲಕ್ಷಕ್ಕಿಂತ ಕಡಿಮೆ. ಈಗ ೩೦ ಲಕ್ಷಕ್ಕೂ ಹೆಚ್ಚು. ಹೀಗಿದ್ದೂ ಕೆಲವು ಶಾಲೆಗಳಲ್ಲಿ ಸಾಫ್ಟ್‌ಬಾಲಿನ ಕೆಳಹಂತದ ತಂಡಗಳಿಗೆ ಸಾಕಷ್ಟು ಹುಡುಗಿಯರು ಬರುವುದಿಲ್ಲ.

ದೊಡ್ಡ ಶಾಲೆಗಳಲ್ಲಿ ಮೂರು ತಂಡಗಳಿರುವುದುಂಟು. ಎಲ್ಲಕ್ಕೂ ಮೇಲಿನದು ವಾರ್ಸಿಟಿ. ಅದರ ಕೆಳಗೆ ಜೂನಿಯರ್ ವಾರ್ಸಿಟಿ. ಇನ್ನೂ ಕೆಳಗೆ, ನಿಮ್ಮಂತೆ ಒಂಬತ್ತನೆಯ ತರಗತಿಯಲ್ಲಿ ಓದುವವರ ತಂಡ. ನಮ್ಮ ಖೊಖೊ ಆಟದಂತೆ ಇಲ್ಲಿಯೂ ಕಣಕ್ಕಿಳಿಯಬೇಕಾದವರು ಒಂಬತ್ತು ಮಂದಿ. ಆ ಒಂಬತ್ತನೆಯವಳನ್ನು ಹುಡುಕುವ ಕಷ್ಟ ನನಗೆ ಗೊತ್ತು. ನಾನು ಉಪಾಧ್ಯಾಯನಾಗಿದ್ದಾಗ ಖೊಖೊ ತಂಡಕ್ಕಾಗಿ ಒಬ್ಬಳ ಮನೆಯವರೆಗೂ ಹೋಗಿದ್ದೆ. “ನನಗೆ ಆಡೋಕೆ ಬರೋದಿಲ್ಲ, ಸಾರ್” ಎಂದು ಅವಳು ಬಾಗಿಲ ಹಿಂದೆ ನಿಂತಳು.

ಅಮೆರಿಕದ ಹುಡುಗಿಯರನ್ನು ತಡೆಯುವುದೂ ಬಹುಮಟ್ಟಿಗೆ ಈ ಸಂಕೋಚವೇ. ಅನುಕೂಲವಂತರ ಮಕ್ಕಳು ಎಂಟು ಹತ್ತು ವರ್ಷದವರಿರುವಾಗಲೇ ಹಣ ತೆತ್ತು ಖಾಸಗಿ ಕ್ಲಬ್ಬುಗಳಲ್ಲಿ ಪಳಗಿರುತ್ತಾರೆ. ಹೈಸ್ಕೂಲಿಗೆ ಬಂದು ಮೊದಲ ಬಾರಿ ದಾಂಡು ಹಿಡಿಯುವವಳಿಗೆ ತಾನು ತಡವಾಗಿ ಬಂದೆನೆನಿಸುತ್ತದೆ. ಬೇರೆ ಆಟಗಳ ಸೆಳೆತವೂ ಉಂಟು, ಮನೆಯ ಕೆಲಸವೂ ಉಂಟು.

ಎಲ್ಲಕ್ಕಿಂತ ದೊಡ್ಡ ತೊಡಕು ಚೆಂಡೆಸೆಯುವವಳದು. ತೋಳನ್ನು ಗಾಳಿಯಂತ್ರದ ರೆಕ್ಕೆಯಂತೆ ಪೂರ್ತಿ ಒಂದು ಸುತ್ತು ತಿರುಗಿಸಿ, ಕೆಳಗಿನಿಂದ ೪೩ ಅಡಿ ದೂರಕ್ಕೆ ಗುರಿಯಿಟ್ಟು ಎಸೆಯಬೇಕು. ಈ ವಿದ್ಯೆ ಒಂದೆರಡು ತಿಂಗಳಲ್ಲಿ ಕೈಗೂಡುವುದಲ್ಲ. ಬಲ್ಲವಳನ್ನು ಮೇಲಿನ ತಂಡ ಸೆಳೆದುಕೊಳ್ಳುತ್ತದೆ. ಕೆಳಗಿನ ತಂಡದಲ್ಲಿ ಎಸೆತ ಮತ್ತೆಮತ್ತೆ ಗುರಿ ತಪ್ಪುತ್ತದೆ. ನಾಲ್ಕು ಸಲ ತಪ್ಪಿದರೆ ಎದುರಾಳಿ ಚೆಂಡನ್ನು ಮುಟ್ಟದೆಯೇ ಮೊದಲ ನೆಲೆಗೆ ನಡೆದುಹೋಗುತ್ತಾಳೆ. ಉಳಿದವರು ಬಿಸಿಲಿನಲ್ಲಿ ಸುಮ್ಮನೆ ನಿಂತಿರಬೇಕು. ಹಾಗೆ ನಿಂತು ಬೇಸತ್ತವಳು ಮರುವರ್ಷ ಏಕೆ ಬಂದಾಳು?

ಸಂಖ್ಯೆ ಸಾಲದಿದ್ದರೆ ಆ ವರ್ಷ ಕೆಳಗಿನ ತಂಡವನ್ನು ಕೈಬಿಡುತ್ತಾರೆ. ಬಂದ ಐದಾರು ಹುಡುಗಿಯರನ್ನು ಮೇಲಿನ ತಂಡಕ್ಕೆ ಸೇರಿಸಿದರೆ ಅವರಿಗೆ ದೊರೆಯುವುದು ಹೆಚ್ಚಾಗಿ ಬೆಂಚು. ಎರಡು ಮೂರು ವರ್ಷಗಳಲ್ಲಿ ಮೇಲಿನವರು ಶಾಲೆ ಮುಗಿಸಿ ಹೊರಡುತ್ತಾರೆ. ಆಗ ಅವರ ಜಾಗದಲ್ಲಿ ನಿಲ್ಲಲು, ಒಂದು ಪಂದ್ಯವನ್ನಾದರೂ ಪೂರ್ತಿ ಆಡಿದವರು ಶಾಲೆಯಲ್ಲಿ ಉಳಿದಿರುವುದಿಲ್ಲ.